ಒರೆಸುವ ಮುನ್ನ

ಫಿನಾಯಿಲಮ್ಮನ ಮನೆಗೆ ಅಳಿಯನಾಗಿ ಬಂದವನನ್ನು ಬೀದಿಯವರೆಲ್ಲ ಅಳಿಯ ಎಂದೇ ಕರೆಯುತ್ತಿದ್ದರು. ಹಾಲಿನವನಿಗೂ ಅವನು ಅಳಿಯ, ಎದುರುಮನೆಯ ದರ್ಜಿಗೂ ಅಳಿಯ. ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದರೂ ಆ ಪಟ್ಟ ಇಳಿದಿರಲಿಲ್ಲ. ಹೆಂಡತಿಯ ತವರಿನಲ್ಲೇ ಉಳಿದ ಗಂಡಸಿಗೆ ಬೀದಿ ಇನ್ನೇನು ಬಿರುದು ಕೊಟ್ಟೀತು? ಅವನೂ ನಗುತ್ತ ಓಗೊಡುತ್ತಿದ್ದ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಅವನದು. ಬೇಗನೆ ಬೇರೆ ಮನೆ ಮಾಡುತ್ತೇವೆ ಎಂದು ಮದುವೆಯಾದ ಹೊಸತರಲ್ಲಿ ಹೇಳುತ್ತಿದ್ದ. ಬರಬರುತ್ತ ಹೇಳುವುದು ಕಡಿಮೆಯಾಯಿತು. ಆಮೇಲೆ ಕೇಳುವವರೂ ಇಲ್ಲವಾದರು, ಮತ್ತು ಯಾರೂ ಕೇಳುವುದಿಲ್ಲವಲ್ಲ ಎಂಬುದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾಗುತ್ತಿತ್ತು.

ಫಿನಾಯಿಲಮ್ಮ ಎಂದರೆ ಅವನ ಅತ್ತೆ. ದೊಡ್ಡಾಸ್ಪತ್ರೆಯಲ್ಲಿ ವಾರ್ಡು ಒರೆಸುವ ಹೆಂಗಸರ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ಅವರು ಕೆಲಸ ಬಿಟ್ಟರೂ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಅಡುಗೆಮನೆಗೆ ಬಿಳಿ ಬಟ್ಟೆ, ಗೋಡೆಗೆ ಹಳದಿ, ನೆಲಕ್ಕೆ ನೀಲಿ, ಬಚ್ಚಲಿಗೆ ಕೆಂಪು. ಒಂದರ ಜಾಗಕ್ಕೆ ಇನ್ನೊಂದು ಹೋದರೆ ಅವತ್ತಿಡೀ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡುತ್ತಿದ್ದವು. ಬೆಳಿಗ್ಗೆ ಎದ್ದು ಬಿಸಿನೀರಿನಲ್ಲಿ ಹಳದಿ ಬಟ್ಟೆ ಅದ್ದಿ ಕೈಗೆಟುಕುವಷ್ಟು ಗೋಡೆಯನ್ನೂ ಒರೆಸಿಯೇ ಅವರು ಚಹಾ ಕುಡಿಯುವುದು. ಬೀದಿಯ ಧೂಳು ಒಳಗೆ ಬರಬಾರದೆಂದು ಕಿಟಕಿಗಳಿಗೆ ಸದಾ ಅಗುಳಿ. ಆ ಮನೆಗೆ ನೊಣ ಬಂದರೂ ಕಾಲೊರೆಸಿಕೊಂಡೇ ಒಳಗೆ ಹೋಗಬೇಕು ಎಂದು ದರ್ಜಿ ತಮಾಷೆ ಮಾಡುತ್ತಿದ್ದ. ಅದನ್ನು ಕೇಳಿಸಿಕೊಂಡರೆ ಅತ್ತೆ ಕೋಪಿಸಿಕೊಳ್ಳುತ್ತಿರಲಿಲ್ಲ, ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದರು.

ಹೀಗಿರುವಾಗ ಒಂದು ಭಾನುವಾರ ಮಗಳ ಕೂದಲಿನ ಪಿನ್ನು ಬಟ್ಟೆ ಕಪಾಟಿನ ಹಿಂದೆ ಬಿತ್ತು. ಅಳಿಯ ಕಪಾಟಿಗೆ ಭುಜ ಕೊಟ್ಟು ಮುಂದಕ್ಕೆ ಸರಿಸಿದ. ಪಿನ್ನು ಕಾಣುವ ಮೊದಲು ಗೋಡೆ ಕಂಡಿತು. ಮೊಣಕಾಲಿನ ಎತ್ತರದಿಂದ ಹಿಡಿದು ಅವನ ತಲೆಯವರೆಗೂ ಕಪ್ಪು ಬೂಷ್ಟು. ಅಂಚಿನಲ್ಲಿ ಹಸಿರು ಮಿಶ್ರಿತ ಬೂದು, ನಡುವೆ ಮಸಿಯಂತೆ ದಟ್ಟ. ಮುಟ್ಟಿದರೆ ಬೆರಳಿಗೆ ಅಂಟಿತು. ಆ ವಾಸನೆ ಅವನಿಗೆ ಹೊಸದಾಗಿರಲಿಲ್ಲ. ತನ್ನ ಅಂಗಿಗಳಲ್ಲೇ ಅದನ್ನು ಎಷ್ಟೋ ಸಲ ಮೂಸಿದ್ದ, ಅಂಗಡಿಗೆ ಬರುವ ಗಿರಾಕಿಗೂ ಬಡಿಯುತ್ತದೇನೋ ಎಂದು ಒಂದು ಹೆಜ್ಜೆ ಹಿಂದೆ ನಿಂತು ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದ.

ಅವನು ಪಿನ್ನು ಎತ್ತಿಕೊಂಡು ಕಪಾಟನ್ನು ಮೊದಲಿದ್ದ ಜಾಗಕ್ಕೆ ತಳ್ಳಿದ. ಯಾರಿಗೂ ಹೇಳಲಿಲ್ಲ.

ಹೇಳುವುದಾದರೂ ಹೇಗೆ? ಆ ಮನೆಯಲ್ಲಿ ಒಳ್ಳೆಯ ಕೋಣೆ ಅದೊಂದೇ. ಮೊದಲು ಅತ್ತೆಯದಾಗಿತ್ತು. ಮಗಳ ಮದುವೆಯಾದಾಗ ತಮ್ಮ ಹಾಸಿಗೆ ಸುತ್ತಿಕೊಂಡು ಮುಂದಿನ ಕೋಣೆಗೆ ಹೋಗಿ, ಇದನ್ನು ಸುಣ್ಣ ಬಳಿಸಿ ಬಿಟ್ಟುಕೊಟ್ಟಿದ್ದರು. ಹಾಲಿನಂಥ ಗೋಡೆ ಕೊಟ್ಟರೆ ಅಳಿಯ ಅದನ್ನು ಕೊಳೆಸಿಟ್ಟ ಎಂದಾಗುತ್ತದಲ್ಲ. ಕೊಳೆಸಿದ್ದು ತಾನೇ ಎಂಬುದರಲ್ಲೂ ಅವನಿಗೆ ಅನುಮಾನವಿರಲಿಲ್ಲ. ಸೈಕಲ್ಲಿನಲ್ಲಿ ಅಂಗಡಿಗೆ ಹೋಗಿ ಬರುವವನು. ಒದ್ದೆ ಸಾಮಾನು ಮುಂದಿನ ಕೋಣೆಯಲ್ಲಿ ಕಾಣಬಾರದು ಎಂದು ಅತ್ತೆಯ ಕಟ್ಟಳೆ. ಅದಕ್ಕೆ ಮಳೆಗಾಲವೆಲ್ಲ ನೀರು ತೊಟ್ಟಿಕ್ಕುವ ರೇನ್‌ಕೋಟನ್ನು ತಂದು ಕಪಾಟಿಗೂ ಗೋಡೆಗೂ ನಡುವಿನ ಸಂದಿಯ ಮೊಳೆಗೆ ಸಿಕ್ಕಿಸುತ್ತಿದ್ದ. ಕಣ್ಣಿಗೆ ಕಾಣದಿದ್ದರೆ ಸಾಕು ಎಂಬುದು ಅವನ ಲೆಕ್ಕಾಚಾರವಾಗಿತ್ತು.

ಮಗಳಿಗೆ ಕೆಮ್ಮು ಶುರುವಾಗಿ ಬಹಳ ದಿನವಾಗಿತ್ತು. ಚಳಿಗೆ ಇರಬೇಕು ಎಂದರು, ಬಿಸಿಲು ಬಂದರೂ ಹೋಗಲಿಲ್ಲ. ಧೂಳಿಗೆ ಇರಬೇಕು ಎಂದರು, ಅತ್ತೆ ಒರೆಸುವುದನ್ನು ಹೆಚ್ಚು ಮಾಡಿದರು, ಕೆಮ್ಮೂ ಹೆಚ್ಚಾಯಿತು. ಕೊನೆಗೆ ಮಗುವಿನ ಎದೆಯಲ್ಲಿ ಸೀಟಿಯಂಥ ಸದ್ದು ಕೇಳತೊಡಗಿದಾಗ ಮೂವರೂ ಸೇರಿ ಮಕ್ಕಳ ವೈದ್ಯರ ಬಳಿಗೆ ಕರೆದೊಯ್ದರು. ವೈದ್ಯರು ಮಗುವಿನ ಬೆನ್ನಿಗೆ ಕಿವಿಗೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಮನೆಯ ಗೋಡೆಗಳಲ್ಲಿ ಎಲ್ಲಾದರೂ ಬೂಷ್ಟು ಹಿಡಿದಿದೆಯೇ ಎಂದು ವಿಚಾರಿಸಿದರು.

“ನಮ್ಮನೇಲಾ?” ಎಂದರು ಅತ್ತೆ. ಅಷ್ಟೇ ಹೇಳಿದ್ದು. ಆ ಒಂದು ಮಾತಿನಲ್ಲಿ ಅವರ ಇಡೀ ಉದ್ಯೋಗವಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಳಿಯ ತನ್ನ ಅಂಗಿಯ ತೋಳನ್ನು ಮೂಸಿ ನೋಡಬೇಕೆಂದು ಬಂದ ಆಸೆಯನ್ನು ತಡೆದುಕೊಂಡ. ಪಕ್ಕದಲ್ಲಿ ಹೆಂಡತಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು. ಅವಳೇಕೆ ತಲೆ ತಗ್ಗಿಸಿದ್ದಾಳೆ ಎಂದು ಅವನಿಗೆ ಹೊಳೆಯಲಿಲ್ಲ. ತನ್ನ ನಾಚಿಕೆಯಲ್ಲಿ ಮುಳುಗಿದವನಿಗೆ ಇನ್ನೊಬ್ಬರದು ಕಾಣುವುದು ಅಪರೂಪ.

ವೈದ್ಯರು ಬಾಯಿಗಿಟ್ಟು ಉಸಿರಿನೊಂದಿಗೆ ಎಳೆಯುವ ಔಷಧಿ ಬರೆದುಕೊಟ್ಟರು. ಇದು ಉಸಿರನ್ನು ಸಲೀಸು ಮಾಡುತ್ತದೆ, ಆದರೆ ಕಾರಣ ಮನೆಯೊಳಗೇ ಇದ್ದರೆ ಔಷಧಿ ಸೋಲುತ್ತದೆ. ಗೋಡೆಗಳನ್ನು ಪರೀಕ್ಷಿಸಿ ಹೇಳುವವರಿದ್ದಾರೆ, ಒಮ್ಮೆ ಕರೆಸಿ ತೋರಿಸಿ ಎಂದರು.  ಅತ್ತೆ ಮೊಮ್ಮಗಳ ಟೋಪಿ ಸರಿಮಾಡಿ ಎದ್ದುಬಿಟ್ಟರು.

ಮನೆಗೆ ಬಂದ ಮೇಲೆ ಮಾತು ಬಂತು. ತಟ್ಟೆಗಳ ಮುಂದೆ ಕೂತಾಗ ಅಳಿಯನೇ ಮೆಲ್ಲಗೆ ಎತ್ತಿದ: ವೈದ್ಯರು ಹೇಳಿದ್ದಾರೆ, ಒಂದು ಸಲ ಕರೆಸಿದರೆ ಏನು ಹೋಗುತ್ತದೆ ಎಂದು. ಹೋಗುವುದು ಮಾನ ಎಂದರು ಅತ್ತೆ. ಅಂಥವರು ಹೆಸರು ಬರೆದ ವ್ಯಾನಿನಲ್ಲಿ ಬರುತ್ತಾರೆ, ವ್ಯಾನು ಬಾಗಿಲಲ್ಲೇ ನಿಲ್ಲುತ್ತದೆ, ಎದುರಿನ ದರ್ಜಿ ಸೂಜಿ ಬಿಟ್ಟು ಕಿಟಕಿಗೆ ಬರುತ್ತಾನೆ. ಹೊರಗೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂದು ಬೀದಿಗೆ ಬೀದಿಯೇ ಆಡಿಕೊಳ್ಳುತ್ತದೆ. ತಾವು ಗರ್ಭಿಣಿಯರ ವಾರ್ಡಿನಿಂದ ಹಿಡಿದು ಸುಟ್ಟಗಾಯದ ವಾರ್ಡಿನವರೆಗೆ ಕನ್ನಡಿಯ ಹಾಗೆ ಇಟ್ಟವರು, ತಮ್ಮ ಮನೆಯಲ್ಲಿ ಕೊಳೆ ಇದೆಯೇ ಎಂದು ಹೇಳಲು ಹೊರಗಿನವರು ಬರಬೇಕೇ?

ಹೆಂಡತಿ ತಾಯಿಯ ಪರವೂ ಮಾತಾಡಲಿಲ್ಲ, ಗಂಡನ ಪರವೂ ಮಾತಾಡಲಿಲ್ಲ. ನೀರು ತರುತ್ತೇನೆಂದು ಎದ್ದು ಹೋದವಳು ಮಾತು ಮುಗಿದ ಮೇಲೆ ಬಂದಳು. ಅಳಿಯನೂ ಹಟ ಹಿಡಿಯಲಿಲ್ಲ. ನಿಜ ಹೇಳಬೇಕೆಂದರೆ ಅತ್ತೆ ಬೇಡವೆಂದಾಗ ಅವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಕೇಳುವ ಕರ್ತವ್ಯ ತನ್ನದು, ಕೇಳಿದ್ದಾಯಿತು, ಬೇಡವೆಂದವರು ಅವರು. ಆ ಸಮಾಧಾನದ ಬೆನ್ನಿಗೇ ಒಳಗಿನಿಂದ ಮಗು ಕೆಮ್ಮಿತು, ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆ ಸಂಜೆ ಅತ್ತೆ ಮೊಮ್ಮಗಳಿಗೆ ಔಷಧಿ ಎಳೆಸುತ್ತ, ಅವಳ ಗಮನ ಬೇರೆಡೆ ಇರಲೆಂದು ವಾರ್ಡಿನ ಕಥೆ ಹೇಳಿದರು. ಮನೆಯವರೆಲ್ಲ ಕೇಳಿ ಕೇಳಿ ಬಾಯಿಪಾಠವಾದ ಕಥೆ. ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ, ಒಳ್ಳೆಯ ಹೆಸರು ತೆಗೆದುಕೊಳ್ಳುವ ಆತುರದಲ್ಲಿ, ರೋಗಿ ಕಕ್ಕಿದ್ದನ್ನು ಡಾಕ್ಟರು ಬರುವ ಮೊದಲೇ ಒರೆಸಿ ನೆಲ ಫಳಫಳ ಮಾಡಿಟ್ಟಳಂತೆ. ರಕ್ತವಿತ್ತೇ, ಪಿತ್ತವಿತ್ತೇ, ಯಾವ ಬಣ್ಣ ಎಂದು ಡಾಕ್ಟರು ಕೇಳಿದರೆ ಹೇಳುವವರಿಲ್ಲ. ಅತ್ತೆ ಅವಳನ್ನು ಅವತ್ತೇ ಮನೆಗೆ ಕಳಿಸಿಬಿಟ್ಟರಂತೆ. ಒರೆಸುವುದು ಯಾರಿಗೂ ಬರುತ್ತದೆ, ಒರೆಸುವ ಮುನ್ನ ತೋರಿಸಬೇಕಾದವರಿಗೆ ತೋರಿಸಿರಬೇಕು, ಅದೇ ಕೆಲಸದ ಮೊದಲ ಪಾಠ ಎಂದು ಕಥೆ ಮುಗಿಯುತ್ತಿತ್ತು. ಪಾಪ ಆ ಅಕ್ಕ ಮನೆಗೆ ಹೋಗಿ ಏನು ಮಾಡಿದಳು ಎಂದು ಮಗು ಪ್ರತಿಸಲದಂತೆ ಕೇಳಿತು. ಅಜ್ಜಿಗೆ ಅದು ಯಾವತ್ತೂ ಗೊತ್ತಿರಲಿಲ್ಲ.

ಬಿಸಿ ತುಪ್ಪವನ್ನು ಬಾಯಿಗೆ ಹಾಕಿಕೊಂಡವರ ಹಾಗೆ ಮನೆ ಹಾಗೇ ನಡೆಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅತ್ತೆ ಗೋಡೆ ಒರೆಸಿದರು. ಹೆಂಡತಿ ಶಾಲೆಯ ಕಚೇರಿಯ ಕೆಲಸ ಮುಗಿಸಿ ಬಂದು ಮಗಳ ಸಮವಸ್ತ್ರ ಒಗೆದಳು. ಅಳಿಯ ರೇನ್‌ಕೋಟನ್ನು ಕಪಾಟಿನ ಸಂದಿಯಿಂದ ತೆಗೆದು ಅಂಗಡಿಯ ಹಿಂದಿನ ಮೊಳೆಗೆ ಹಾಕಿದ, ತೊಯ್ದುಕೊಂಡೇ ಮನೆಗೆ ಬರತೊಡಗಿದ. ಯಾಕೆ ಎಂದು ಯಾರೂ ಕೇಳಲಿಲ್ಲ.

ಆಮೇಲೊಂದು ಮಧ್ಯಾಹ್ನ ಶಾಲೆಯಿಂದ ಅಂಗಡಿಗೆ ಫೋನು ಬಂತು. ಮಾಡಿದವಳು ಹೆಂಡತಿಯೇ, ಅದೇ ಶಾಲೆಯ ಕಚೇರಿಯಿಂದ. ಆದರೆ ಅವಳ ದನಿ ಗುರುತೇ ಸಿಗುವಂತಿರಲಿಲ್ಲ. ಅವನು ಸೈಕಲ್ಲು ತುಳಿದುಕೊಂಡು ಹೋದಾಗ ಮಗು ಆಟದ ಬಯಲಿನ ಕಟ್ಟೆಯ ಮೇಲೆ ಕೂತಿತ್ತು. ಎರಡೂ ಕೈ ಮೊಣಕಾಲಿನ ಮೇಲೆ ಊರಿ, ಭುಜ ಕಿವಿಯವರೆಗೆ ಏರಿಸಿ, ಉಸಿರನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿತ್ತು. ಅಳುತ್ತಿರಲಿಲ್ಲ. ಅಳುವುದಕ್ಕೂ ಉಸಿರು ಬೇಕಲ್ಲ. ಅಪ್ಪನನ್ನು ಕಂಡು ಏನೋ ಹೇಳಹೋಗಿ ಹೇಳಲಾಗದೆ ತಪ್ಪು ಮಾಡಿದವರ ಹಾಗೆ ನೆಲ ನೋಡಿತು. ಅದನ್ನು ಮಾತ್ರ ಅಳಿಯನಿಂದ ತಡೆದುಕೊಳ್ಳಲಾಗಲಿಲ್ಲ. ಈ ಮನೆಯ ನಾಚಿಕೆ ಮಗುವಿನ ಮುಖಕ್ಕೂ ಬಂತಲ್ಲ ಎನಿಸಿತು.

ಆಸ್ಪತ್ರೆಯಲ್ಲಿ ಮಗುವಿನ ಉಸಿರು ತಹಬಂದಿಗೆ ಬಂದ ಮೇಲೆ ಅವನು ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತು, ವೈದ್ಯರು ಹೇಳಿದ್ದ ತಪಾಸಣೆಯವರಿಗೆ ಫೋನು ಮಾಡಿದ. ಯಾರನ್ನೂ ಕೇಳಲಿಲ್ಲ. ಮನೆಯ ಮಾಲೀಕರು ನೀವೇ ಅಲ್ಲವೇ ಎಂದು ಆ ಕಡೆಯ ಹೆಣ್ಣು ದನಿ ವಿಚಾರಿಸಿದಾಗ ಒಂದು ಗಳಿಗೆ ತಡವರಿಸಿದ, ಆಮೇಲೆ ಹೌದು ಎಂದುಬಿಟ್ಟ. ಬೆಕ್ಕಿಗೆ ಗಂಟೆ ಕಟ್ಟುವುದು ಎಷ್ಟು ಸುಲಭವಿತ್ತು ಎಂದು ಅವನಿಗೇ ಆಶ್ಚರ್ಯವಾಯಿತು.

ಅವನು ಮನೆಯಲ್ಲಿ ಹೇಳಿದಾಗ ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದರು, ಬಿಡಿಸಿ ಮತ್ತೆ ಹಿಂಡಿದರು. ನೀರೇ ಬರಲಿಲ್ಲ. ಬೈಯುತ್ತಾರೆಂದು ಅವನು ಕಾದ.

“ಬರ್ಲಿ,” ಎಂದರು ಕೊನೆಗೆ. “ಮಗು ಮುಖ ನಾನೂ ನೋಡಿದೀನಿ.”

ಅವರ ಎದುರು ಅಷ್ಟು ದಿನ ಧೈರ್ಯ ಮಾಡದಿದ್ದುದಕ್ಕೆ ಅವನಿಗೆ ಮತ್ತಷ್ಟು ನಾಚಿಕೆಯಾಯಿತು. ಹೆಂಡತಿ ಕೋಣೆಗೆ ಬಂದ ಮೇಲೆ ಅವನ ಕೈ ಹಿಡಿದು, ನೀವು ಒಳ್ಳೆ ಕೆಲಸ ಮಾಡಿದಿರಿ ಎಂದಳು. ಅವಳು ಇನ್ನೂ ಏನೋ ಹೇಳುವವಳಿದ್ದಳು. ಹೇಳದೆ, ಕಪಾಟಿನ ಬದಿಗೆ ಒಣಗಲು ಹಾಕಿದ್ದ ಮಗಳ ಒದ್ದೆ ಲಂಗವನ್ನು ತೆಗೆದುಕೊಂಡು ಹಿತ್ತಲಿಗೆ ಹೋದಳು.

ಇಲ್ಲಿಯವರೆಗೆ ಅಳಿಯನದು ಮೆಚ್ಚುವಂಥ ನಡತೆಯೇ. ತಪಾಸಣೆಯ ದಿನ ಬೆಳಿಗ್ಗೆ ಅವನು ಮಾಡಿದ್ದನ್ನು ಮಾತ್ರ ಹೇಗೆ ಹೇಳಬೇಕೋ ತಿಳಿಯದು.

ಅವತ್ತು ಅವನು ಅಂಗಡಿಗೆ, ಹೆಂಡತಿ ಕಚೇರಿಗೆ ರಜೆ ಹಾಕಿದ್ದರು. ಮಗುವನ್ನು ಶಾಲೆಗೆ ಬಿಟ್ಟುಬರಲು ಹೆಂಡತಿ ಹೋಗಿದ್ದಳು, ಅತ್ತೆ ಹಾಲು ತರಲು. ಬರುವವರಿಗೆ ಅನುಕೂಲವಾಗಲೆಂದು ಅವನು ಮೊದಲೇ ಕಪಾಟು ಸರಿಸಿಟ್ಟ. ಆ ಭಾನುವಾರ ಸಂದಿಯಿಂದ ಇಣುಕಿದ್ದ ಗೋಡೆ ಈಗ ಬೆಳಕಿಗೆ ಪೂರ್ತಿಯಾಗಿ ಬಂತು. ಅವನು ನೆನಪಿಟ್ಟುಕೊಂಡಿದ್ದಕ್ಕಿಂತ ಎಷ್ಟೋ ದೊಡ್ಡದಾಗಿತ್ತು. ಕಿಟಕಿಯ ಚೌಕಟ್ಟಿನವರೆಗೆ ಹರಡಿತ್ತು, ಮಗಳ ದಿಂಬಿರುವ ಕಡೆ ನಾಲಗೆ ಚಾಚಿತ್ತು. ಇದರ ಪಕ್ಕದಲ್ಲಿ ಮೂರು ಜೀವ ಮಲಗುತ್ತಿದ್ದವು.

ಇನ್ನು ಸ್ವಲ್ಪ ಹೊತ್ತಿಗೆ ಒಬ್ಬ ಅಪರಿಚಿತ ಹೆಂಗಸು ಬಂದು ಇದನ್ನು ನೋಡುತ್ತಾಳೆ. ಫೋಟೋ ತೆಗೆಯುತ್ತಾಳೆ. ಇಂಥದ್ದರಲ್ಲಿ ಮಗುವನ್ನು ಮಲಗಿಸಿದ್ದೀರಾ ಎನ್ನುತ್ತಾಳೆ. ಮಾಲೀಕ ನಾನೇ ಎಂದು ಫೋನಿನಲ್ಲಿ ಹೇಳಿದ ದೊಡ್ಡಮನುಷ್ಯ ಯಾರು ಎಂದು ತಿರುಗಿ ನೋಡುತ್ತಾಳೆ. ಕರೆಸಿದ್ದೇ ನೋಡಲೆಂದು, ನೋಡದಿದ್ದರೆ ಕರೆಸಿ ಏನು ಬಂತು ಎಂಬುದು ಅವನ ತಲೆಗೆ ಹೊಳೆಯದೆ ಇರಲಿಲ್ಲ. ಹೊಳೆಯಿತು. ಆದರೆ ಅಷ್ಟರಲ್ಲಿ ಅವನ ಕಾಲು ಅಡುಗೆಮನೆಗೆ ಹೋಗಿತ್ತು, ಕೈ ತಂತಿಯ ಮೇಲಿದ್ದ ಮೊದಲ ಬಟ್ಟೆಯನ್ನು ಎಳೆದುಕೊಂಡಿತ್ತು. ಒಂದಿಷ್ಟು ಮೇಲಿಂದ ಮೇಲೆ ಒರೆಸುತ್ತೇನೆ, ಪೂರ್ತಿ ಅಲ್ಲ, ನೋಡಲು ಅಸಹ್ಯವಾಗದಷ್ಟು ಮಾತ್ರ ಎಂದುಕೊಂಡ. ಸೋಪಿನ ಬಿಸಿನೀರಿನಲ್ಲಿ ಅದ್ದಿ ಒಂದು ಕಡೆ ಉಜ್ಜಿದ. ಬಿಳಿ ಗೋಡೆ ಕಂಡಿತು. ಅದು ಕಂಡ ಮೇಲೆ ಉಳಿದ ಕಪ್ಪು ಇನ್ನೂ ಕಪ್ಪಾಗಿ ಕಂಡಿತು. ಗಾಜು ಉಜ್ಜುವ ಕೈ, ಅದಕ್ಕೆ ಅರ್ಧಕ್ಕೆ ನಿಲ್ಲಿಸುವುದು ಗೊತ್ತಿರಲಿಲ್ಲ.

ಉಜ್ಜಿ ಮುಗಿದಾಗ ಗೋಡೆ ಮಸುಕು ಬೂದಿಯ ಬಣ್ಣಕ್ಕೆ ಬಂದಿತ್ತು. ಹಳೆಯ ಮನೆಯ ಯಾವ ಗೋಡೆಯಾದರೂ ಹಾಗಿದ್ದೀತು. ಅವನು ಕೊಳಕು ನೀರನ್ನು ಚರಂಡಿಗೆ ಚೆಲ್ಲಿದ. ಬಟ್ಟೆಯನ್ನು ಮುದುರಿ ಹಿತ್ತಲಿನ ಕಸದ ಡಬ್ಬಿಯ ಬುಡಕ್ಕೆ ತುರುಕಿ, ಮೇಲೆ ತರಕಾರಿ ಸಿಪ್ಪೆ ಮುಚ್ಚಿದ. ಕೈ ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕೂತಾಗ ಅವನಿಗೆ, ನಾಚಿಕೆಗೇಡೆಂದರೆ, ಹಾಯೆನಿಸಿತು.

ತಪಾಸಣೆಯವಳು ವ್ಯಾನಿನಲ್ಲಿ ಬರಲಿಲ್ಲ, ಬೆನ್ನಿಗೊಂದು ಚೀಲ ಹಾಕಿಕೊಂಡು ಸ್ಕೂಟರಿನಲ್ಲಿ ಬಂದಳು. ಮಾತು ಕಡಿಮೆ. ಬಾಗಿಲಲ್ಲೇ ಶೂ ಬಿಚ್ಚಿಟ್ಟಳು. ಅದನ್ನು ಕಂಡು ಅತ್ತೆಯ ಮುಖ ಒಂದಿಷ್ಟು ಸಡಿಲವಾಯಿತು. ಆಕೆ ಮುಂದಿನ ಕೋಣೆ, ಅಡುಗೆಮನೆ, ಬಚ್ಚಲು ಎಲ್ಲ ನೋಡಿ, ಇಷ್ಟು ಚೊಕ್ಕಟ ಮನೆಗೆ ತನ್ನನ್ನು ಕರೆಸುವವರು ಅಪರೂಪ ಎಂದಳು.  ಅತ್ತೆ ಅಡುಗೆಮನೆಯ ತಂತಿಯನ್ನು ನೋಡುತ್ತ ನಿಂತಿದ್ದರು.

ಆಕೆ ಕೋಣೆಗೆ ಬಂದು ಗೋಡೆಯ ಮುಂದೆ ಕೂತು, ಅಂಗೈಯಷ್ಟಿದ್ದ ಯಂತ್ರವನ್ನು ಗೋಡೆಗೆ ಒತ್ತಿದಳು. ಅದು ಕೀಚಲು ದನಿಯಲ್ಲಿ ಕೂಗಿಕೊಂಡಿತು. ಬಹಳ ಒದ್ದೆ ಇದೆ ಎಂದಳು. ಇವತ್ತು ಒರೆಸಿದ್ದೀರಾ ಎಂದು ಕೇಳಿದಳು. ಈ ಮನೆಯಲ್ಲಿ ದಿನಾ ಒರೆಸುತ್ತಾರೆ ಎಂದು ಅಳಿಯ ಥಟ್ಟನೆ ಉತ್ತರ ಕೊಟ್ಟ. ಸುಳ್ಳೇನಲ್ಲ. ಅತ್ತೆ ಆಗ ಅಲ್ಲಿರಲಿಲ್ಲ. ಹೆಂಡತಿ ಬಾಗಿಲಿಗೆ ಒರಗಿ ನಿಂತು ಖಾಲಿ ಗೋಡೆಯನ್ನು ಎವೆಯಿಕ್ಕದೆ ನೋಡುತ್ತಿದ್ದಳು. 

“ಮುಂಚೆ ಇಲ್ಲಿ ಕಪ್ಪಗೆ ಏನಾದ್ರೂ ಇತ್ತಾ?” ತಪಾಸಣೆಯವಳು ಅವನ ಕಡೆ ತಿರುಗಿದಳು. “ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಒರೆಸಿದ ಮೇಲೆ ನಂಗೆ ಕಾಣೋದು ನೀರು ಮಾತ್ರ.”

ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತೇ? ಕೇಳುವ ಬಾಯೇ ದಾರಿ ಮಾಡಿಕೊಟ್ಟಿತ್ತು.

“ಏನಿಲ್ಲ ಮೇಡಂ,” ಎಂದ ಅಳಿಯ. “ನೀರಿನ ಕಲೆ ಇತ್ತು, ಅಷ್ಟೇ.”

ತನ್ನ ದನಿ ಅಂಗಡಿಯಲ್ಲಿ ಗಿರಾಕಿಗೆ ಗೀರಿಲ್ಲದ ಗಾಜು ತೋರಿಸುವಾಗಿನಷ್ಟೇ ನಯವಾಗಿದ್ದುದು ಅವನಿಗೆ ಕೇಳಿಸಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಮಗುವಿಗಾಗಿ ಯಾರನ್ನೂ ಕೇಳದೆ ಫೋನು ಮಾಡಿದವನು, ಅದೇ ಮಗುವಿನ ಉಸಿರಿನ ಮುಂದೆ ತನ್ನ ಮುಖ ಉಳಿಸಿಕೊಂಡ.

ಹಾಗಾದರೆ ಒದ್ದೆ ಇದೆ ಎಂದಷ್ಟೇ ಬರೆಯುತ್ತೇನೆ, ಬೂಷ್ಟು ಕಂಡಿಲ್ಲ ಎಂದು ವೈದ್ಯರಿಗೆ ತಿಳಿಸಿ, ಅವರು ಕೆಮ್ಮಿಗೆ ಬೇರೆ ಕಾರಣ ಹುಡುಕಲಿ ಎಂದು ತಪಾಸಣೆಯವಳು ಯಂತ್ರವನ್ನು ಚೀಲಕ್ಕೆ ಹಾಕತೊಡಗಿದಳು. ಅಳಿಯ ಕೆಂಡದ ಮೇಲೆ ನಿಂತವನ ಹಾಗೆ ನಿಂತಿದ್ದ. ಈಗಲೂ ಹೇಳಬಹುದು ಎಂದುಕೊಂಡ. ಚೀಲದ ಜಿಪ್ಪು ಎಳೆಯುವ ಮುಂಚೆ ಹೇಳಬಹುದು. ಅವಳು ಜಿಪ್ಪು ಎಳೆದಳು.

ಆಗ ಅತ್ತೆ ಒಳಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ಕು ಚೀಲವಿತ್ತು, ಅದರ ಬಾಯಿ ಗಂಟು ಹಾಕಿತ್ತು. ಗಂಟು ಬಿಚ್ಚಿ ಒಳಗಿದ್ದುದನ್ನು ನೆಲದ ಮೇಲೆ ಹರಡಿದರು. ಅಡುಗೆಮನೆಯ ಬಿಳಿ ಬಟ್ಟೆ. ತರಕಾರಿ ಸಿಪ್ಪೆ ಅಂಟಿಕೊಂಡು, ನಡುವೆಲ್ಲ ಕಪ್ಪಾಗಿ, ಅಂಚಿನಲ್ಲಿ ಮಾತ್ರ ಬಿಳಿ ಉಳಿದಿತ್ತು. ಕೋಣೆಯ ತುಂಬ ಆ ವಾಸನೆ ಹರಡಿತು. ಫಿನಾಯಿಲಮ್ಮನ ಮನೆಯಲ್ಲಿ, ಹೊರಗಿನವರೊಬ್ಬರ ಎದುರಿಗೆ, ಅವರ ಕೈಯಿಂದಲೇ.

“ಇದು ಆ ಗೋಡೆದು,” ಎಂದರು ಅತ್ತೆ. “ಕಪಾಟಿನ ಪಕ್ಕಕ್ಕೆ ಬಂದಿದ್ದನ್ನ ಮೊದಲಿಂದಲೂ ನಾನೇ ಒರೆಸ್ತಾ ಬಂದಿದೀನಿ, ಯಾರಿಗೂ ಹೇಳ್ಲಿಲ್ಲ. ಇವತ್ತೂ ನಾನೇ ಒರೆಸಿದ್ದು. ನಾಚಿಕೆ ಆಯ್ತಮ್ಮ, ಅದಕ್ಕೆ.”

ಅವರು ನೆಟ್ಟಗೆ ನಿಂತು ಹೇಳಿದರು. ಅಳಿಯನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಅಲ್ಲ, ಒರೆಸಿದ್ದು ನಾನು ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಿಗೆ ಒರಗಿದ್ದ ಹೆಂಡತಿ ಮುಂದೆ ಬಂದಳು. ಗೋಡೆಯ ಬಳಿ ಹೋಗಿ, ಬರಿಗೋಡೆಯ ಮೇಲೆ ಬೆರಳಿನಿಂದ ಗೆರೆ ಎಳೆದಳು. ಇಲ್ಲಿಂದ ಕಿಟಕಿಯವರೆಗೆ ಇತ್ತು, ಇಲ್ಲಿ ದಟ್ಟವಾಗಿತ್ತು, ಇಲ್ಲಿ ಹೋದ ವರ್ಷವೇ ಶುರುವಾಗಿತ್ತು ಎಂದು ಒಂದೊಂದನ್ನೇ ತೋರಿಸಿದಳು. ಮಗಳ ಸಮವಸ್ತ್ರವನ್ನು ದಿನಾ ಇಲ್ಲೇ ಒಣಗಿಸುತ್ತಿದ್ದೆ, ನನ್ನಿಂದಲೇ ಆಗಿದೆ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ ಎಂದಳು. ಅಳುತ್ತ ಹೇಳಿದಳು.

ಮೂವರಿಗೂ ಗೊತ್ತಿತ್ತು. ಮೂವರೂ ಒಬ್ಬರಿಂದೊಬ್ಬರು ಅದನ್ನೇ ಬಚ್ಚಿಡುತ್ತ, ಅದರ ಪಕ್ಕದಲ್ಲೇ ಮಗುವಿಗೆ ಹೊದಿಕೆ ಹೊದಿಸುತ್ತಿದ್ದರು.

ತಪಾಸಣೆಯವಳು ಚೀಲ ಮತ್ತೆ ಬಿಚ್ಚಿದಳು. ಬಟ್ಟೆಯ ಒಂದು ತುಂಡನ್ನು ಕತ್ತರಿಸಿ ಚಿಕ್ಕ ಡಬ್ಬಿಯಲ್ಲಿ ಹಾಕಿಕೊಂಡಳು, ಗೋಡೆಯ ಗಾರೆಯನ್ನು ಉಗುರಿನಷ್ಟು ಕೆರೆದು ಇನ್ನೊಂದರಲ್ಲಿ ಹಾಕಿಕೊಂಡಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇದಕ್ಕೆ ಒಂದೇ ಕಾರಣ ಎಂದು ಇರುವುದಿಲ್ಲ ಎಂದಳು. ಮುಚ್ಚಿದ ಕಿಟಕಿ, ದಿನಾ ಒದ್ದೆಯಾಗುವ ಗೋಡೆ, ಒಳಗೇ ಒಣಗುವ ಬಟ್ಟೆ, ಗಾಳಿಯಾಡದ ಹಾಗೆ ಒತ್ತಿ ನಿಲ್ಲಿಸಿದ ಕಪಾಟು, ಎಲ್ಲ ಸೇರಿ ಆಗುತ್ತದೆ. ಬೂಷ್ಟು ಗಾರೆಯ ಒಳಗಿದೆ, ಮೇಲೆ ಒರೆಸಿದಷ್ಟೂ ಹರಡುತ್ತದೆ. ಗಾರೆ ಕೆತ್ತಿ ತೆಗೆಸಬೇಕು, ಅಲ್ಲಿಯವರೆಗೆ ಮಗು ಈ ಕೋಣೆಗೆ ಕಾಲಿಡಬಾರದು. ಗೋಡೆ ಮೊದಲಿನ ಹಾಗೇ ಇದ್ದಿದ್ದರೆ ತನಗೆ ಕೆಲಸ ಸುಲಭವಾಗುತ್ತಿತ್ತು ಎಂದೂ ಹೇಳಿದಳು. ಹೇಳಿದ್ದು ಅತ್ತೆಗೆ. ಅತ್ತೆ ತಪ್ಪಾಯಿತು ಎಂದು ತಲೆಯಾಡಿಸಿದರು. ಜೀವಮಾನವೆಲ್ಲ ಇತರರಿಗೆ ಹೇಳಿಕೊಟ್ಟ ಪಾಠವನ್ನು ಅವರು ಮಗಳ ವಯಸ್ಸಿನವಳಿಂದ ಹೇಳಿಸಿಕೊಳ್ಳುತ್ತಿದ್ದರು. ಅಳಿಯ ಆಗಲೂ ಸುಮ್ಮನಿದ್ದ.

ಆಕೆ ಹೋದ ಮೇಲೆ ಹೆಂಡತಿ ಕಿಟಕಿಯ ಅಗುಳಿ ತೆಗೆಯಲು ಹೆಣಗಿದಳು. ತುಕ್ಕು ಹಿಡಿದು ಕೂತಿತ್ತು. ಅವನು ಹೋಗಿ ಕೈ ಕೊಟ್ಟ. ಕಿಟಕಿ ತೆರೆದುಕೊಂಡಾಗ ಎದುರಿನ ದರ್ಜಿ ಕಂಡ; ಸೂಜಿಯಿಂದ ತಲೆಯೆತ್ತಿ ನೋಡಿ ಮತ್ತೆ ಹೊಲಿಗೆಗೆ ಬಗ್ಗಿದ. ಬೀದಿಗೆ ಅವರ ಮನೆಯ ಮಾನಕ್ಕಿಂತ ಬೇರೆ ಕೆಲಸಗಳೂ ಇದ್ದವು.

ಅತ್ತೆ ಹಿತ್ತಲಿನ ನಲ್ಲಿಯ ಬಳಿ ಬಕೆಟ್ಟು ತೊಳೆಯುತ್ತಿದ್ದರು. ಅವನು ಬೆಳಿಗ್ಗೆ ಕೊಳಕು ನೀರು ಚೆಲ್ಲಿದ್ದ ಬಕೆಟ್ಟು. ಅವನು ಹೋಗಿ ಹಿಂದೆ ನಿಂತ. 

“ಅತ್ತೆ, ಅದನ್ನ ಒರೆಸಿದ್ದು ನಾನು.”

“ಗೊತ್ತು,” ಎಂದರು ಅವರು ತಿರುಗದೆ. “ನಾನಾಗಿದ್ರೆ ಗೋಡೆಗೆ ಅಡುಗೆಮನೆ ಬಟ್ಟೆ ತಗೋತಿದ್ನಾ?”

ಅವನಿಗೆ ನಗು ಬರಬೇಕಿತ್ತು, ಬರಲಿಲ್ಲ. ಹಾಗಾದರೆ ಅವಳ ಮುಂದೆ ಯಾಕೆ ನೀವು ಹೊತ್ತುಕೊಂಡಿರಿ, ನಾನು ಹೇಳಬೇಕಾಗಿತ್ತು, ಹೇಳುವವನಿದ್ದೆ ಎಂದು ತೊದಲಿದ. ಹೇಳುವವನಿದ್ದೆ ಎಂಬ ಮಾತು ಅವನ ಕಿವಿಗೇ ಪೊಳ್ಳಾಗಿ ಕೇಳಿಸಿತು. ಅತ್ತೆ ನಲ್ಲಿ ನಿಲ್ಲಿಸಿದರು. ಕೈ ಒರೆಸಿಕೊಂಡು ಮೊದಲ ಸಲ ಅವನ ಮುಖ ನೋಡಿದರು.

“ವಾರ್ಡಲ್ಲಾಗಿದ್ರೆ ಆ ಹುಡುಗಿ ಥರ ನಿಮ್ಮನ್ನೂ ಇವತ್ತೇ ಮನೆಗೆ ಕಳಿಸ್ತಿದ್ದೆ, ಅಳಿಯಂದ್ರೆ,” ಎಂದರು. “ಇಲ್ಲಿ ಎಲ್ಲಿಗೆ ಅಂತ ಕಳಿಸ್ಲಿ? ನಿಮ್ಮನೆ ಇದೇ ಅಲ್ವಾ.”

ಬಕೆಟ್ಟನ್ನು ಗೋಡೆಗೆ ಬೋರಲು ಒರಗಿಸಿ ಅವರು ಒಳಗೆ ಹೋದರು. ಮಗುವಿನ ಹಾಸಿಗೆಯನ್ನು ಮುಂದಿನ ಕೋಣೆಗೆ ಎಳೆಯುವ ಸದ್ದು ಕೇಳಿಸಿತು. ಆ ಒಂದು ಮಾತಿಗಾಗಿ ಅವನು ಮದುವೆಯಾದಂದಿನಿಂದ ಕಾದಿದ್ದ. ಅದು ಬಂದ ದಿನ ತಲೆಯೆತ್ತಿ ಕೇಳಿಸಿಕೊಳ್ಳುವ ಮುಖ ಅವನಿಗಿರಲಿಲ್ಲ.